ಅಮೃತಬಳ್ಳಿ ಕುಡಿದರೆ ಬಿಳಿ ರಕ್ತಕಣ ಹೆಚ್ಚಾಗಿ ಗಂಟು ಕರಗುತ್ತದೆಯೇ?

ಪ್ರಶ್ನೆ: ನಮ್ಮ ಚಿಗವ್ವನಿಗೆ ಬಾಯಿ ಕ್ಯಾನ್ಸರ್. ಆಪರೇಷನ್ ಆಗಿದೆ, ಈಗ ಹುಬ್ಬಳ್ಳಿಯ ನವನಗರದ ಆಸ್ಪತ್ರೆಯಲ್ಲಿ ಕರೆಂಟ್ (ವಿಕಿರಣ) ಕೊಡುತ್ತಿದ್ದಾರೆ. ಬೇವಿನ ಮರಕ್ಕೆ ಹಬ್ಬಿದ ಅಮೃತಬಳ್ಳಿಯ ಕಷಾಯ, ಬೇವಿನ ಚಿಗುರು, ಅರಿಶಿನದ ಹಾಲು ಕೊಡಿರಿ, ಬಿಳಿ ರಕ್ತಕಣ ಹೆಚ್ಚಾಗಿ ಉಳಿದ ಗಂಟು ಕರಗುತ್ತದೆ ಎಂದು ಊರಲ್ಲಿ ಹೇಳುತ್ತಾರೆ. ಇದರಲ್ಲಿ ವಿಜ್ಞಾನ ಎಷ್ಟಿದೆ? ನಮ್ಮ ಭಾಗದಲ್ಲಿ ಇಂಥ ಗಿಡಗಳನ್ನು ಯಾರಾದರೂ ಅಭ್ಯಾಸ ಮಾಡುತ್ತಿದ್ದಾರೆಯೇ?
– ಒಬ್ಬ ಓದುಗರು, ಬೈಲಹೊಂಗಲ ತಾಲ್ಲೂಕು

ಉತ್ತರ: ಊರಿನವರ ಮಾತಿನ ಮೊದಲರ್ಧದಲ್ಲಿ ಸ್ವಲ್ಪ ನಿಜವಿದೆ. ಅಮೃತಬಳ್ಳಿ, ಬೇವು, ಅರಿಶಿನ ಮೂರೂ ನಮ್ಮ ಮೈಯ ರಕ್ಷಕ ಕೋಶಗಳನ್ನು, ಅಂದರೆ ಬಿಳಿ ರಕ್ತಕಣಗಳನ್ನು ಮುಟ್ಟುತ್ತವೆ, ಅವುಗಳ ನಡವಳಿಕೆಯನ್ನು ಬದಲಿಸುತ್ತವೆ. ಮುಂಬೈ, ಕೋಲ್ಕತ್ತ, ತ್ರಿಶ್ಶೂರಿನ ಪ್ರಯೋಗಾಲಯಗಳಲ್ಲಿ ದಶಕಗಳಿಂದ ಇದನ್ನು ಗಮನಿಸುತ್ತ ಬಂದಿದ್ದಾರೆ. ಆದರೆ ಕಣ ಹೆಚ್ಚಾದರೆ ಗಂಟು ಕರಗುತ್ತದೆ ಎಂಬ ಉಳಿದರ್ಧಕ್ಕೆ ಆಧಾರವಿಲ್ಲ. ಈ ಮೂರು ಗಿಡಗಳ ಕೆಲಸವೂ ಒಂದೇ ತರಹದ್ದಲ್ಲ. ಒಂದು ಕೆರಳಿಸಿದ್ದನ್ನು ಇನ್ನೊಂದು ತಣಿಸುತ್ತದೆ. ಚಿಗವ್ವನಿಗೆ ಯಾವುದು ಹಿತ, ಯಾವುದು ಅಪಾಯ ಎಂಬುದು ಈ ವ್ಯತ್ಯಾಸದ ಮೇಲೆ ನಿಂತಿರುವುದರಿಂದ ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ.

ಮೊದಲು ಮೈಯೊಳಗಿನ ಕಾವಲು ಹೇಗೆ ನಡೆಯುತ್ತದೆ ನೋಡೋಣ. ನಮ್ಮ ಹೆಚ್ಚುಕಡಿಮೆ ಪ್ರತಿಯೊಂದು ಜೀವಕೋಶವೂ ತನ್ನೊಳಗೆ ತಯಾರಾಗುವ ಪ್ರೋಟೀನಿನ ತುಣುಕುಗಳನ್ನು ಹೊರಮೈ ಮೇಲೆ ಇಟ್ಟು ತೋರಿಸುತ್ತಿರುತ್ತದೆ. ಟಿ ಕೋಶಗಳು ಅದನ್ನು ಓದುತ್ತ ಓಡಾಡುತ್ತವೆ. ಅಪರಿಚಿತ ತುಣುಕು ಕಂಡರೆ ಆ ಕೋಶವನ್ನು ಕೊಲ್ಲುತ್ತವೆ. ತುಣುಕನ್ನೇ ತೋರಿಸದೆ ಮುಚ್ಚಿಟ್ಟುಕೊಂಡ ಕೋಶವನ್ನು ಹಿಡಿಯುವುದು ಎನ್‌ಕೆ ಕೋಶಗಳ ಕೆಲಸ. ಡೆಂಡ್ರಿಟಿಕ್ ಕೋಶಗಳೆಂಬ ಇನ್ನೊಂದು ಬಗೆಯವು ರೋಗವಿದ್ದ ಜಾಗದಿಂದ ಮಾದರಿ ಎತ್ತಿಕೊಂಡು ಹತ್ತಿರದ ದುಗ್ಧಗ್ರಂಥಿಗೆ ಹೋಗಿ, ಯಾರನ್ನು ಹುಡುಕಬೇಕೆಂದು ಟಿ ಕೋಶಗಳಿಗೆ ಕಲಿಸುತ್ತವೆ. ಮ್ಯಾಕ್ರೋಫೇಜ್‌ಗಳು ಸತ್ತದ್ದನ್ನು, ಕೊಳೆತದ್ದನ್ನು, ರೋಗಾಣುವನ್ನು ನುಂಗುತ್ತವೆ.

ಕಣ್ಣಿಗೆ ಕಾಣುವಷ್ಟು ದೊಡ್ಡದಾದ ಗಂಟು ಎಂದರೆ ಇಷ್ಟೆಲ್ಲ ಕಾವಲನ್ನು ದಾಟಿ ಬೆಳೆದದ್ದು. ಅದು ಟಿ ಕೋಶಗಳ ಮೇಲಿರುವ ಪಿಡಿ-1 ಎಂಬ ತಡೆಯನ್ನು ಒತ್ತಿ ಹಿಡಿದು ಅವನ್ನು ಮಂಕು ಮಾಡಬಲ್ಲದು. ಇನ್ನೂ ಕೆಟ್ಟದ್ದೆಂದರೆ, ತನ್ನೊಳಗೆ ಬಂದ ಮ್ಯಾಕ್ರೋಫೇಜ್‌ಗಳನ್ನು ತನ್ನ ಸೇವೆಗೇ ಹಚ್ಚಿಕೊಳ್ಳುತ್ತದೆ. ಅವು ಗಂಟಿಗೆ ಹೊಸ ರಕ್ತನಾಳ ಬೆಳೆಸಿಕೊಡುತ್ತವೆ, ಬಂದ ಟಿ ಕೋಶಗಳನ್ನು ಸುಮ್ಮನಾಗಿಸುತ್ತವೆ. ಕೋಟೆಯೊಳಗಿನವರೇ ವೈರಿಯ ಕಡೆ ವಾಲಿದ ಕತೆಯನ್ನು ಕಿತ್ತೂರು ನಾಡಿನವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಅಂಥ ಹೊತ್ತಿನಲ್ಲಿ ಕೋಟೆಗೆ ಇನ್ನಷ್ಟು ಮಂದಿಯನ್ನು ತುಂಬಿದರೆ ಕೆಲಸ ಆಗುವುದಿಲ್ಲ. ಬಂದವರು ಯಾರ ಕಡೆಗೆ ನಿಲ್ಲುತ್ತಾರೆ ಎಂಬುದೇ ಮುಖ್ಯ. ಅನೇಕ ಕ್ಯಾನ್ಸರ್ ರೋಗಿಗಳ ರಕ್ತಪರೀಕ್ಷೆಯಲ್ಲಿ ಬಿಳಿ ಕಣಗಳ ಸಂಖ್ಯೆ ಸರಿಯಾಗಿಯೇ ಇರುತ್ತದೆ, ಕೆಲವರಲ್ಲಿ ಹೆಚ್ಚೂ ಇರುತ್ತದೆ. 2018ರಲ್ಲಿ ಜೇಮ್ಸ್ ಆಲಿಸನ್ ಮತ್ತು ತಾಸುಕು ಹೊಂಜೊ ಅವರಿಗೆ ನೊಬೆಲ್ ಸಿಕ್ಕಿದ್ದು ಕಣ ಹೆಚ್ಚಿಸಿದ್ದಕ್ಕಲ್ಲ, ಇರುವ ಟಿ ಕೋಶಗಳ ಮೇಲಿನ ತಡೆಯನ್ನು ತೆಗೆಯುವ ದಾರಿ ತೋರಿಸಿದ್ದಕ್ಕೆ.

ಇಷ್ಟನ್ನು ಮನಸ್ಸಿನಲ್ಲಿಟ್ಟುಕೊಂಡು ಅಮೃತಬಳ್ಳಿಗೆ ಬರೋಣ. ಈ ಬಳ್ಳಿಯ ಕಾಂಡದಲ್ಲಿ ಉದ್ದನೆಯ ಸಕ್ಕರೆ ಸರಪಳಿಗಳಿವೆ. ಬ್ಯಾಕ್ಟೀರಿಯಾದ ಹೊದಿಕೆಯನ್ನು ಗುರುತಿಸಲೆಂದು ನಮ್ಮ ರಕ್ಷಕ ಕೋಶಗಳ ಮೈಮೇಲೆ ಟಿಎಲ್‌ಆರ್-4 ಎಂಬ ಗ್ರಾಹಕವಿದೆ. ಈ ಸಕ್ಕರೆಗಳು ಅದಕ್ಕೇ ಹೋಗಿ ತಗಲುತ್ತವೆ. ರೋಗಾಣು ಬಂತು ಎಂದುಕೊಂಡು ಮ್ಯಾಕ್ರೋಫೇಜ್‌ಗಳು ಎಚ್ಚರಗೊಳ್ಳುತ್ತವೆ. ಮುಂಬೈಯ ಭಾಭಾ ಅಣು ಸಂಶೋಧನಾ ಕೇಂದ್ರದವರು ಇಂಥ ಒಂದು ಸಕ್ಕರೆಯನ್ನು ಬೇರ್ಪಡಿಸಿ ಇಲಿಗಳಲ್ಲಿ ಪರೀಕ್ಷಿಸಿದ್ದಾರೆ. ಆದರೆ ಅವರು ಕೊಟ್ಟದ್ದು ಶುದ್ಧ ಮಾಡಿದ ಸತ್ವ, ಅದೂ ಸೂಜಿಯ ಮೂಲಕ. ಒಲೆಯ ಮೇಲೆ ಕುದಿಸಿದ ಕಷಾಯ ಹೊಟ್ಟೆಯಲ್ಲಿ ಜೀರ್ಣವಾಗಿ ಏನಾಗುತ್ತದೆ ಎಂಬುದಕ್ಕೆ ಆ ಪ್ರಯೋಗದಿಂದ ಉತ್ತರ ಸಿಗುವುದಿಲ್ಲ.

ಮನುಷ್ಯರ ಮೇಲೂ ಪ್ರಯೋಗ ನಡೆದಿದೆ. ಮುಂಬೈಯ ಕೆಇಎಂ ಆಸ್ಪತ್ರೆಯಲ್ಲಿ ಶರದಿನಿ ದಹಾನೂಕರ್ ಅವರ ತಂಡ ಆಯುರ್ವೇದದ ಗಿಡಗಳನ್ನು ಬಹಳ ಶ್ರದ್ಧೆಯಿಂದ ಪರೀಕ್ಷಿಸಿತು. ಪಿತ್ತನಾಳ ಕಟ್ಟಿ ಕಾಮಾಲೆಯಾಗಿದ್ದ 30 ರೋಗಿಗಳ ಮೇಲಿನ ಅವರ ಅಧ್ಯಯನ 1993ರಲ್ಲಿ ಪ್ರಕಟವಾಯಿತು. ಶಸ್ತ್ರಚಿಕಿತ್ಸೆಗೆ ಮುನ್ನ ಅಮೃತಬಳ್ಳಿ ಪಡೆದವರಲ್ಲಿ ರೋಗಾಣು ನುಂಗುವ ಬಿಳಿ ಕಣಗಳ ಶಕ್ತಿ ಮರಳಿತು, ರಕ್ತಕ್ಕೆ ಸೋಂಕು ಏರುವುದು ಕಡಿಮೆಯಾಯಿತು. ಗೌರವಿಸಬೇಕಾದ ಕೆಲಸ ಅದು. ಆದರೆ ಅಲ್ಲಿ ಬಳ್ಳಿ ಎದುರಿಸಿದ್ದು ಸೋಂಕನ್ನು, ಗಂಟನ್ನಲ್ಲ.

ಅದೇ ಗುಣದ ಇನ್ನೊಂದು ಮುಖ ಕೋವಿಡ್ ಕಾಲದಲ್ಲಿ ಕಾಣಿಸಿತು. ಊರೂರಿನಲ್ಲಿ ಜನ ದಿನವೂ ಅಮೃತಬಳ್ಳಿ ಕಷಾಯ ಕುಡಿಯುತ್ತಿದ್ದ ದಿನಗಳವು. 2020ರ ಸೆಪ್ಟೆಂಬರಿನಿಂದ ಡಿಸೆಂಬರ್ ನಡುವೆ ಮುಂಬೈಯಲ್ಲಿ ಹೀಗೆ ಕುಡಿದ 6 ಮಂದಿ ಲಿವರಿನ ಉರಿಯೂತದಿಂದ ಆಸ್ಪತ್ರೆಗೆ ಬಂದರು. ವೈದ್ಯರು ಮರುವರ್ಷ ಅದನ್ನು ಪ್ರಕಟಿಸಿದರು. ಬೇರೆ ಜಾತಿಯ ಬಳ್ಳಿಯನ್ನು ಅಮೃತಬಳ್ಳಿ ಎಂದು ತಪ್ಪಾಗಿ ತಿಳಿದಿರಬಹುದು ಎಂದು ಆಯುಷ್ ಸಚಿವಾಲಯ ಆಕ್ಷೇಪಿಸಿತು. ಜಾತಿ ತಪ್ಪುವುದು ನಿಜಕ್ಕೂ ಆಗುವಂಥದ್ದೇ. ಆದರೆ 2022ರಲ್ಲಿ ದೇಶದ 13 ಕೇಂದ್ರಗಳಿಂದ ಇಂಥ 43 ರೋಗಿಗಳ ವಿವರ ಬಂತು. ಅವರಲ್ಲಿ ಹಲವರ ಲಿವರಿನ ಮೇಲೆ ಬಿದ್ದದ್ದು ಅವರದೇ ರಕ್ಷಕ ಕೋಶಗಳು. ಕೆರಳಿಸುವ ಗಿಡ ಯಾರ ಮೈಯಲ್ಲಿ, ಯಾವ ಅಂಗದ ಮೇಲೆ ಕೆರಳಿಸುತ್ತದೆಂದು ಮೊದಲೇ ಹೇಳಲಾಗದು. ಕ್ಯಾನ್ಸರ್ ರೋಗಿಗೆ ಲಿವರ್ ಕೆಟ್ಟರೆ ಕೀಮೋ ಔಷಧಿಯ ಪ್ರಮಾಣ ಇಳಿಸಬೇಕಾಗುತ್ತದೆ, ಇಲ್ಲವೆ ನಿಲ್ಲಿಸಬೇಕಾಗುತ್ತದೆ. ತಡೆ ತೆಗೆಯುವ ಹೊಸ ಇಮ್ಯುನೋಥೆರಪಿ ಪಡೆಯುತ್ತಿರುವವರಿಗೆ ಇನ್ನೂ ಎಚ್ಚರ ಬೇಕು, ಏಕೆಂದರೆ ಆ ಔಷಧಿಯೇ ಕೆಲವರ ಲಿವರಿನ ಮೇಲೆ ರಕ್ಷಕ ಕೋಶಗಳನ್ನು ಎತ್ತಿಕಟ್ಟುತ್ತದೆ.

ಇನ್ನು ಬೇವು. ಸವದತ್ತಿಯ ಎಲ್ಲಮ್ಮನ ಗುಡ್ಡದ ಸುತ್ತ ಬೇವಿಗೂ ಭಂಡಾರಕ್ಕೂ ಇರುವ ಸ್ಥಾನ ನಿಮಗೆ ಗೊತ್ತೇ ಇದೆ. ಸಿಡುಬು ದಡಾರದ ಕಾಲದಿಂದ ಹಾಸಿಗೆಯ ಪಕ್ಕ ಬೇವಿನ ಸೊಪ್ಪು ಇಟ್ಟ ನಾಡು ಇದು. ಈ ಎಲೆಯ ಬಗ್ಗೆ ನನಗೆ ಅತ್ಯಂತ ಕುತೂಹಲ ಹುಟ್ಟಿಸಿದ ಸಂಶೋಧನೆ ನಡೆದದ್ದು ಕೋಲ್ಕತ್ತದ ಚಿತ್ತರಂಜನ್ ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆಯಲ್ಲಿ. ರತೀಂದ್ರನಾಥ ಬರಾಲ್ ಅವರ ತಂಡ ಬೇವಿನೆಲೆಯಿಂದ ಸಕ್ಕರೆ ಕೂಡಿದ ಒಂದು ಪ್ರೋಟೀನನ್ನು ಬೇರ್ಪಡಿಸಿ, ಗಂಟು ಬೆಳೆಯುತ್ತಿದ್ದ ಇಲಿಗಳಿಗೆ ವಾರಕ್ಕೊಮ್ಮೆ ಅತಿ ಸಣ್ಣ ಪ್ರಮಾಣದಲ್ಲಿ ಚರ್ಮದಡಿ ಚುಚ್ಚಿತು. ಗಂಟಿನ ಬೆಳವಣಿಗೆ ತಗ್ಗಿತು. ಆದರೆ ಆ ಪ್ರೋಟೀನನ್ನು ಗಾಜಿನ ತಟ್ಟೆಯಲ್ಲಿ ಕ್ಯಾನ್ಸರ್ ಕೋಶಗಳ ಮೇಲೆ ನೇರವಾಗಿ ಹಾಕಿದರೆ ಅವು ಸಾಯಲಿಲ್ಲ. ಇಲಿಯ ಮೈಯಿಂದ ಕೊಲ್ಲುವ ಟಿ ಕೋಶಗಳನ್ನು ತೆಗೆದುಹಾಕಿದರೆ ಪರಿಣಾಮವೂ ಹೊರಟುಹೋಯಿತು. ಅಂದರೆ ಬೇವಿನ ಆ ಅಂಶ ಗಂಟನ್ನು ತಾನು ಮುಟ್ಟದೆ ಟಿ ಕೋಶಗಳ ಕೈಯಿಂದ ಕೆಲಸ ಮಾಡಿಸಿತು. ಗಿಡಮೂಲಿಕೆ ರಕ್ಷಕ ಕೋಶಗಳನ್ನು ಕ್ಯಾನ್ಸರಿನ ವಿರುದ್ಧ ನಿಲ್ಲಿಸಬಹುದೇ ಎಂಬ ನಿಮ್ಮ ಪ್ರಶ್ನೆಗೆ ಇಷ್ಟು ಸ್ಪಷ್ಟವಾಗಿ ಹೌದೆನ್ನುವ ಪ್ರಯೋಗಗಳು ಕಡಿಮೆ.

ಆದರೂ ಅದು ಇಲಿಯಲ್ಲಿ ಸಿಕ್ಕ ಉತ್ತರ. ಚರ್ಮದಡಿ ಚುಚ್ಚಿದ ಪ್ರೋಟೀನ್ ರಕ್ಷಕ ಕೋಶಗಳಿಗೆ ಇಡಿಯಾಗಿ ಸಿಗುತ್ತದೆ. ನಾವು ಯುಗಾದಿಯಂದು ಬೆಲ್ಲದ ಜೊತೆ ತಿನ್ನುವ ಬೇವಿನ ಪ್ರೋಟೀನನ್ನು ಜಠರವು ಬೇಳೆಯ ಪ್ರೋಟೀನಿನಂತೆಯೇ ಒಡೆದು ಪುಡಿ ಮಾಡುತ್ತದೆ. ಚಿಗುರು ಅಗಿದರೆ ಕೋಲ್ಕತ್ತದ ಇಲಿಗೆ ಸಿಕ್ಕಿದ್ದು ಚಿಗವ್ವನಿಗೆ ಸಿಗುವುದಿಲ್ಲ. ಕರೆಂಟಿನಿಂದ ಬೆಂದ ಬಾಯಿಗೆ ಆ ಕಹಿ ಉರಿ ತರುತ್ತದೆ, ಅಷ್ಟೇ. ಬೇವಿನ ಎಣ್ಣೆಯನ್ನಂತೂ ಯಾರಿಗೂ ಕುಡಿಸಬೇಡಿ. ಮಕ್ಕಳಲ್ಲಿ ಅದು ಮಿದುಳು, ಲಿವರುಗಳಿಗೆ ವಿಷವಾದ ಪ್ರಕರಣಗಳಿವೆ.

ಅರಿಶಿನದ ಕತೆ ಇವೆರಡಕ್ಕೂ ಎದುರು. ಅದರ ಕರ್ಕ್ಯುಮಿನ್ ಉರಿಯೂತವನ್ನು ತಗ್ಗಿಸುವ ವಸ್ತು. ರಕ್ಷಕ ಕೋಶಗಳೊಳಗೆ ಉರಿಯೂತದ ಆಜ್ಞೆ ಹೊರಡಿಸುವ ವ್ಯವಸ್ಥೆಯನ್ನೇ ಅದು ತಡೆಯುತ್ತದೆ. ಅಮೃತಬಳ್ಳಿ ಎಬ್ಬಿಸುವುದನ್ನು ಅರಿಶಿನ ಮಲಗಿಸುತ್ತದೆ ಎನ್ನಬಹುದು. ಹೀಗಿದ್ದೂ ಎರಡನ್ನೂ ಒಂದೇ ಡಬ್ಬಿಯಲ್ಲಿ ಹಾಕಿ ರೋಗನಿರೋಧಕ ಶಕ್ತಿ ಹೆಚ್ಚಿಸುವ ಚೂರ್ಣ ಎಂದು ಮಾರುತ್ತಾರೆ. ಕೊಳ್ಳುವವರಿಗೆ ಇದು ಗೊತ್ತಾಗಬೇಕು. ಇನ್ನೊಂದು ತೊಡಕೆಂದರೆ ಕರ್ಕ್ಯುಮಿನ್ ಕರುಳಿನಿಂದ ರಕ್ತಕ್ಕೆ ಏರುವುದೇ ಕಷ್ಟ. ಅಮೆರಿಕದಲ್ಲಿ ಮೇದೋಜೀರಕ ಗ್ರಂಥಿಯ ಕ್ಯಾನ್ಸರಿನ 25 ರೋಗಿಗಳಿಗೆ ದಿನಕ್ಕೆ 8 ಗ್ರಾಂ ಶುದ್ಧ ಕರ್ಕ್ಯುಮಿನ್ ಕೊಟ್ಟು ನೋಡಿದರು. 2008ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ ಪರಿಣಾಮದ ಸುಳಿವು ಕಂಡದ್ದು ಇಬ್ಬರಲ್ಲಿ ಮಾತ್ರ. ನಮ್ಮ ಅಡುಗೆಮನೆಯ ಅರಿಶಿನ ಪುಡಿಯಲ್ಲಿ ಕರ್ಕ್ಯುಮಿನ್ ಇರುವುದು ನೂರಕ್ಕೆ ಮೂರರ ಆಸುಪಾಸು. ಒಂದು ಲೋಟ ಹಾಲಿಗೆ ಹಾಕುವ ಚಿಟಿಕೆಯಿಂದ ಅಂಥ ಪ್ರಮಾಣ ಬರುವ ಮಾತೇ ಇಲ್ಲ.

ಆದರೆ ಬಾಯಿಗೆ ಕರೆಂಟ್ ಪಡೆಯುತ್ತಿರುವವರಿಗೆ ಅರಿಶಿನ ಬೇರೊಂದು ದಾರಿಯಿಂದ ಉಪಯೋಗಕ್ಕೆ ಬಂದಿದೆ, ಅದೂ ನಮ್ಮ ರಾಜ್ಯದಲ್ಲೇ. ವಿಕಿರಣದ ಮೂರನೆಯ ವಾರದ ಹೊತ್ತಿಗೆ ಬಾಯಿಯ ಒಳಚರ್ಮ ಕಿತ್ತು ಹುಣ್ಣಾಗುತ್ತದೆ. ನುಂಗಲಾಗದೆ, ತೂಕ ಇಳಿದು, ಕೆಲವರು ಚಿಕಿತ್ಸೆಯನ್ನೇ ನಡುವೆ ಬಿಡುತ್ತಾರೆ. ಮಂಗಳೂರಿನ ವೈದ್ಯರು ತಲೆ ಮತ್ತು ಕುತ್ತಿಗೆ ಭಾಗದ ಕ್ಯಾನ್ಸರಿನ ಸುಮಾರು 80 ರೋಗಿಗಳನ್ನು ಎರಡು ಗುಂಪು ಮಾಡಿ, ಒಂದಕ್ಕೆ ಅರಿಶಿನ ನೀರಿನಿಂದ, ಇನ್ನೊಂದಕ್ಕೆ ಆಸ್ಪತ್ರೆಯ ಅಯೋಡಿನ್ ದ್ರಾವಣದಿಂದ ಬಾಯಿ ಮುಕ್ಕಳಿಸಲು ಹೇಳಿದರು. ಅರಿಶಿನದ ಗುಂಪಿನಲ್ಲಿ ಹುಣ್ಣು ತಡವಾಗಿ ಬಂತು, ತೀವ್ರತೆ ಕಡಿಮೆಯಿತ್ತು, ಚಿಕಿತ್ಸೆ ನಡುವೆ ತುಂಡಾದದ್ದೂ ತೂಕ ಇಳಿದದ್ದೂ ಕಡಿಮೆ. 2014ರಲ್ಲಿ ಇದು ಪ್ರಕಟವಾಯಿತು. ಇಲ್ಲಿ ಅರಿಶಿನ ಗಂಟಿನ ಸುದ್ದಿಗೇ ಹೋಗಲಿಲ್ಲ. ಬೆಂದ ಜಾಗದಲ್ಲಿ ಕೆರಳಿದ್ದ ರಕ್ಷಕ ಕೋಶಗಳನ್ನು ತಣಿಸಿರಬಹುದು, ರೋಗಿ ಚಿಕಿತ್ಸೆಯನ್ನು ಪೂರ್ತಿ ಪಡೆಯಲು ನೆರವಾಯಿತು. ಬಾಯಿ ಕ್ಯಾನ್ಸರಿನಲ್ಲಿ ವಿಕಿರಣವನ್ನು ನಡುವೆ ನಿಲ್ಲಿಸದೆ ಮುಗಿಸುವುದಕ್ಕಿಂತ ದೊಡ್ಡ ಸಹಾಯ ಇಲ್ಲ. ಚಿಗವ್ವನ ವೈದ್ಯರ ಮುಂದೆ ಈ ಮುಕ್ಕಳಿಸುವ ವಿಷಯವನ್ನು ಧೈರ್ಯವಾಗಿ ಎತ್ತಿರಿ. ಅಂಗಡಿಯಲ್ಲಿ ಸಿಗುವ, ಕಾಳುಮೆಣಸಿನ ಸತ್ವ ಸೇರಿದ ಕರ್ಕ್ಯುಮಿನ್ ಕ್ಯಾಪ್ಸೂಲಿನ ಮಾತು ಬೇರೆ. ಸ್ತನ ಕ್ಯಾನ್ಸರಿಗೆ ಟಮಾಕ್ಸಿಫೆನ್ ಗುಳಿಗೆ ತೆಗೆದುಕೊಳ್ಳುವವರಲ್ಲಿ ಅದು ರಕ್ತದಲ್ಲಿನ ಔಷಧಿಯ ಮಟ್ಟವನ್ನು ಇಳಿಸಿತೆಂದು ನೆದರ್‌ಲ್ಯಾಂಡ್ಸಿನ ಸಂಶೋಧಕರು 2019ರಲ್ಲಿ ತೋರಿಸಿದ್ದಾರೆ.

ಅಶ್ವಗಂಧದ ಬಗ್ಗೆ ನೀವು ಕೇಳಿಲ್ಲ, ಆದರೂ ಯಾರಾದರೂ ತಂದುಕೊಡದೆ ಬಿಡುವುದಿಲ್ಲ. ನಮ್ಮ ಕಡೆ ಹಿರೇಮದ್ದು ಎನ್ನುವುದು ಇದನ್ನೇ. ತ್ರಿಶ್ಶೂರಿನ ಅಮಲಾ ಕ್ಯಾನ್ಸರ್ ಸಂಶೋಧನಾ ಕೇಂದ್ರದಲ್ಲಿ, ಕೀಮೋ ಔಷಧಿಯಿಂದ ಬಿಳಿ ಕಣ ಕುಸಿದ ಇಲಿಗಳಿಗೆ ಇದರ ಬೇರಿನ ಸತ್ವ ಕೊಟ್ಟಾಗ ಕುಸಿತ ಕಡಿಮೆಯಾದದ್ದು ಕಂಡಿದೆ. ಮಲೇಷ್ಯಾದಲ್ಲಿ ಸ್ತನ ಕ್ಯಾನ್ಸರಿನ 100 ರೋಗಿಗಳಲ್ಲಿ ಕೀಮೋದ ಸುಸ್ತು ತಗ್ಗಿದ್ದೂ ಉಂಟು. ಅದರಾಚೆಗೆ ಹೇಳುವಂಥದ್ದು ಇಲ್ಲ. ಲಿವರಿನ ತೊಂದರೆ ಇದರಿಂದಲೂ ಆಗಿದೆ.

ಹಾಗಾದರೆ ಗಿಡಗಳಿಂದ ಕ್ಯಾನ್ಸರಿಗೆ ನಿಜವಾದ ಔಷಧಿಯೇ ಬಂದಿಲ್ಲವೇ ಎಂದರೆ, ಬಂದಿದೆ. ಅದು ಬಂದ ದಾರಿಯನ್ನು ನೋಡಿದರೆ ಬಿಳಿ ರಕ್ತಕಣ ಹೆಚ್ಚಬೇಕೆಂಬ ನಂಬಿಕೆಯೇ ತಲೆಕೆಳಗಾಗುತ್ತದೆ. ನಿಮ್ಮ ಅಂಗಳದಲ್ಲೋ ಗುಡಿಯ ಪಕ್ಕದಲ್ಲೋ ವರ್ಷವಿಡೀ ಹೂ ಬಿಡುವ ನಿತ್ಯಪುಷ್ಪ ಇದ್ದೇ ಇರುತ್ತದೆ. ಸದಾಪುಷ್ಪ, ಕಾಶಿ ಕಣಗಲ ಎಂದೂ ಕರೆಯುತ್ತಾರೆ. ಜಮೈಕಾದಲ್ಲಿ ಇದರ ಎಲೆಯ ಕಷಾಯವನ್ನು ಸಕ್ಕರೆ ಕಾಯಿಲೆಗೆ ಕುಡಿಯುತ್ತಿದ್ದರು. 1952ರಲ್ಲಿ ಆ ಎಲೆಗಳು ಕೆನಡಾದ ವೈದ್ಯರೊಬ್ಬರ ಕೈಸೇರಿ, ರಾಬರ್ಟ್ ನೋಬಲ್ ಅವರ ಪ್ರಯೋಗಾಲಯಕ್ಕೆ ಬಂದವು. ಇಲಿಗಳಲ್ಲಿ ಸಕ್ಕರೆ ಇಳಿಯಲಿಲ್ಲ. ಬದಲಿಗೆ ಬಿಳಿ ರಕ್ತಕಣಗಳು ಧಡಕ್ಕನೆ ಕುಸಿದು ಇಲಿಗಳು ಸೋಂಕಿನಿಂದ ಸತ್ತವು. ನೋಬಲ್ ಮತ್ತು ಚಾರ್ಲ್ಸ್ ಬಿಯರ್ ಅದನ್ನು ಬಿಟ್ಟುಬಿಡಲಿಲ್ಲ. ಬಿಳಿ ಕಣಗಳನ್ನು ಇಷ್ಟು ತಗ್ಗಿಸುವುದಾದರೆ, ಬಿಳಿ ಕಣಗಳೇ ಮಿತಿಮೀರಿ ಬೆಳೆಯುವ ರಕ್ತಕ್ಯಾನ್ಸರಿಗೆ ಇದು ಔಷಧಿಯಾಗಬಹುದಲ್ಲವೇ ಎಂದು ಯೋಚಿಸಿದರು. ಆ ಗಿಡದಿಂದಲೇ ವಿನ್‌ಬ್ಲಾಸ್ಟಿನ್, ವಿನ್‌ಕ್ರಿಸ್ಟಿನ್ ಬಂದವು. ಮಕ್ಕಳ ರಕ್ತಕ್ಯಾನ್ಸರಿನ ಚಿಕಿತ್ಸೆ ಇಂದಿಗೂ ಬಹುಪಾಲು ವಿನ್‌ಕ್ರಿಸ್ಟಿನ್ ಇಲ್ಲದೆ ನಡೆಯುವುದಿಲ್ಲ. ದೊಡ್ಡವರಿಗೂ ಒಮ್ಮೆಗೆ ಸಾಮಾನ್ಯವಾಗಿ 2 ಮಿಲಿಗ್ರಾಂ ಮೀರಿ ಕೊಡುವುದಿಲ್ಲ, ಹೆಚ್ಚಾದರೆ ನರಗಳಿಗೆ ಹಾನಿಯಾಗುತ್ತದೆ. ಆದ್ದರಿಂದ ಯಾರಾದರೂ ನಿತ್ಯಪುಷ್ಪದ ಎಲೆ ಕುದಿಸಿ ಕುಡಿಸಿರಿ ಎಂದರೆ ಖಂಡಿತ ಬೇಡ.

ನಿಮ್ಮ ಎರಡನೆಯ ಪ್ರಶ್ನೆಗೆ ಬಂದರೆ, ಅಭ್ಯಾಸ ಮಾಡುವವರು ಹತ್ತಿರದಲ್ಲೇ ಇದ್ದಾರೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ರಾಷ್ಟ್ರೀಯ ಸಾಂಪ್ರದಾಯಿಕ ವೈದ್ಯಕೀಯ ಸಂಸ್ಥೆ ಇರುವುದು ಬೆಳಗಾವಿಯ ನೆಹರೂ ನಗರದಲ್ಲಿ. 2006ರಲ್ಲಿ ಪ್ರಾದೇಶಿಕ ಕೇಂದ್ರವಾಗಿ ಶುರುವಾಗಿ ಆಮೇಲೆ ಈ ಹೆಸರು ಪಡೆಯಿತು. ಪಶ್ಚಿಮಘಟ್ಟದ ಔಷಧಿ ಸಸ್ಯಗಳ ಕೆಲಸ ಅಲ್ಲಿ ನಡೆಯುತ್ತದೆ. ಅವರು ಅಭ್ಯಾಸ ಮಾಡಿದ ಗಿಡಗಳಲ್ಲಿ ದುರ್ವಾಸನೆ ಮರವೂ ಒಂದು. ಸಹ್ಯಾದ್ರಿಯ ಈ ಸಣ್ಣ ಮರದಲ್ಲಿ ಕ್ಯಾಂಪ್ಟೊಥೆಸಿನ್ ಎಂಬ ವಸ್ತುವಿದೆ. ಮನ್ರೋ ವಾಲ್ ಮತ್ತು ನಂದುರಬಾರ್ ಮೂಲದ ಮನ್ಸುಖ್ ವಾನಿ 1966ರಲ್ಲಿ ಚೀನಾ ಮೂಲದ ಮರವೊಂದರಿಂದ ಅದನ್ನು ಬೇರ್ಪಡಿಸಿದ್ದರು. ನಮ್ಮ ದುರ್ವಾಸನೆ ಮರದಲ್ಲೂ ಅದೇ ಇದೆಯೆಂದು 1972ರಲ್ಲಿ ಗೊತ್ತಾಯಿತು. ಅದನ್ನು ಮಾರ್ಪಡಿಸಿ ಮಾಡಿದ ಔಷಧಿಗಳನ್ನು ಕರುಳು, ಅಂಡಾಶಯದ ಕ್ಯಾನ್ಸರಿಗೆ ಬಳಸುತ್ತಾರೆ. ಅದಕ್ಕಾಗಿಯೇ ಘಟ್ಟದ ಕಾಡುಗಳಲ್ಲಿ ಈ ಮರವನ್ನು ಮನಬಂದಂತೆ ಕಡಿದು ಸಾಗಿಸಿದ್ದು ನೋವಿನ ಸಂಗತಿ.

ನಾಟಿ ವೈದ್ಯರ ಮಾತನ್ನೂ ಹೇಳಬೇಕು. ಸಾಗರ ತಾಲ್ಲೂಕಿನ ನರಸೀಪುರದಲ್ಲಿ ವೈದ್ಯ ನಾರಾಯಣಮೂರ್ತಿಯವರು ಗುರುವಾರ, ಭಾನುವಾರ ಕೊಡುತ್ತಿದ್ದ ಮರದ ತೊಗಟೆಯ ಔಷಧಿಗೆ ದೇಶದ ಮೂಲೆಮೂಲೆಯಿಂದ ಜನ ಸಾಲು ನಿಲ್ಲುತ್ತಿದ್ದರು. ಅವರು ತೀರಿಕೊಂಡದ್ದು 2020ರಲ್ಲಿ. ಅಲ್ಲಿಗೆ ಹೋದವರ ಆಸೆಯನ್ನು ನಾನು ಹಗುರವಾಗಿ ಕಾಣಲಾರೆ. ಆದರೆ ಗುಣವಾದವರು ಊರಿಗೆ ಬಂದು ಹೇಳುತ್ತಾರೆ, ಆಗದವರು ಹೇಳಲು ಉಳಿಯುವುದಿಲ್ಲ. ಆಸ್ಪತ್ರೆಯಲ್ಲಿ ಆಪರೇಷನ್ ಮುಗಿಸಿ ತೊಗಟೆ ಕುಡಿದವರ ಗುಣ ಯಾವುದರಿಂದ ಬಂತೆಂದು ಬೇರ್ಪಡಿಸಿ ನೋಡಬೇಕಾದರೆ ಮಂಗಳೂರಿನಲ್ಲಿ ಮಾಡಿದಂತೆ ಎರಡು ಗುಂಪು ಮಾಡಿ ಲೆಕ್ಕ ಇಡಬೇಕು. ನಮ್ಮ ಮೂಲಿಕೆಗಳಿಗೆ ಕೊಡಬೇಕಾದ ಮರ್ಯಾದೆಯೂ ಅದೇ ಎಂದು ನನ್ನ ನಂಬಿಕೆ.

ಈಗ ಚಿಗವ್ವನ ಆರೈಕೆ. ಚಿಕಿತ್ಸೆ ಮುಗಿಯುವವರೆಗೆ ಅಮೃತಬಳ್ಳಿಯ ಕಷಾಯ ಬೇಡ. ಈಗಾಗಲೇ ಕೊಟ್ಟಿದ್ದರೆ ಮುಚ್ಚಿಡದೆ ವೈದ್ಯರಿಗೆ ಹೇಳಿ, ಲಿವರ್ ಪರೀಕ್ಷೆ ಮಾಡಿಸಿ. ಕಣ್ಣು ಹಳದಿಯಾದರೆ, ಮೂತ್ರ ಕಡುಬಣ್ಣವಾದರೆ, ಮೈ ತುರಿಸಿದರೆ ಕಾಯಬೇಡಿ. ಕೀಮೋ ಕೂಡ ನಡೆಯುತ್ತಿದ್ದು ಜ್ವರ ಬಂದರೆ ಮನೆಮದ್ದು ಮಾಡದೆ ನೇರ ಆಸ್ಪತ್ರೆಗೆ ಕರೆದೊಯ್ಯಿರಿ. ಅಡುಗೆಯ ಅರಿಶಿನಕ್ಕೆ ಅಡ್ಡಿಯಿಲ್ಲ.

ಟಿ ಕೋಶಗಳು ಹುಟ್ಟಬೇಕಾದರೆ ಪ್ರೋಟೀನ್ ಬೇಕು; ಉಪವಾಸ ಬಿದ್ದ ಮೈಯಲ್ಲಿ ರಕ್ಷಕ ಕೋಶಗಳೂ ಸೊರಗುತ್ತವೆ. ಖಾರ ಹಾಕದೆ ನುಣ್ಣಗೆ ಮಾಡಿದ ನುಚ್ಚು-ಮಜ್ಜಿಗೆ, ಹೆಸರುಬೇಳೆಯ ಗಂಜಿ, ಮೆತ್ತಗೆ ಬೇಯಿಸಿದ ಮೊಟ್ಟೆ, ಹಾಲು ಸ್ವಲ್ಪ ಸ್ವಲ್ಪವಾಗಿ ದಿನಕ್ಕೆ ಆರೇಳು ಸಲ ಕೊಡಿ. ಎಲೆ-ಅಡಿಕೆ, ತಂಬಾಕು, ಹಲ್ಲಿಗೆ ತಿಕ್ಕುವ ಮಿಶ್ರಿ ಪೂರ್ತಿ ನಿಲ್ಲಲಿ. ಚಿಕಿತ್ಸೆಯ ನಡುವೆ ತಂಬಾಕು ಸೇರಿದರೆ ಕರೆಂಟಿನ ಫಲವೇ ತಗ್ಗುತ್ತದೆ. ಮನೆಯಲ್ಲಿ ಬೇರೆ ಯಾರಾದರೂ ಮಿಶ್ರಿ ಅಥವಾ ಗುಟಕಾ ಬಳಸುತ್ತಿದ್ದರೆ, ಅವರ ಬಾಯಿಯನ್ನೂ ಬೈಲಹೊಂಗಲದ ತಾಲ್ಲೂಕು ಆಸ್ಪತ್ರೆಯಲ್ಲಿ ತೋರಿಸಿ. ಒರೆಸಿದರೆ ಹೋಗದ ಬಿಳಿ ಮಚ್ಚೆ, ಕೆಂಪು ಮಚ್ಚೆ, ಮೂರು ವಾರವಾದರೂ ಮಾಯದ ಹುಣ್ಣು, ಬಾಯಿ ಪೂರ್ತಿ ತೆರೆಯಲಾಗದಿರುವುದು – ಇವುಗಳಲ್ಲಿ ಒಂದಿದ್ದರೂ ಅದೇ ವಾರ ಹೋಗಿ.